ಲಂಗರು ಕುಗ್ಗಿದ ಕಥೆ: ಫೋಟೊದಿಂದ ಹವಳ ಅಳೆಯುವುದು

(ಕರಾವಳಿಯ ಕಾಲೇಜೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಆಡಿದ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ತೆರೆಯ ಮೇಲೆ ತೋರಿಸಿದ ಚಿತ್ರಗಳ ಬದಲಿಗೆ ಅಲ್ಲಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ನಿಮ್ಮಲ್ಲಿ ಹವಳ ನೋಡಿದವರು ಎಷ್ಟು ಜನ?

ಬಹಳ ಕೈ ಎದ್ದವು. ಅದರಲ್ಲಿ ಕೆಲವು ಕೈಗಳಲ್ಲಿ ಉಂಗುರವೂ ಕಾಣುತ್ತಿದೆ! ಕುಜ ದೋಷಕ್ಕೆ ಹಾಕಿಕೊಳ್ಳುವ ಆ ಕೆಂಪು ಹವಳ, ಅಸಲಿಯಾಗಿದ್ದರೆ, ಬಹುಪಾಲು ಮೆಡಿಟರೇನಿಯನ್ ಸಮುದ್ರದ್ದು. ಶತಮಾನಗಳಿಂದ ಹಡಗಿನಲ್ಲಿ ನಮ್ಮಲ್ಲಿಗೆ ಬರುತ್ತಿರುವ ಸರಕು ಅದು. ಅದು ಸಮುದ್ರದಡಿಯಲ್ಲಿ ಹವಳದ ದಿಬ್ಬ (ರೀಫ್) ಕಟ್ಟುವ ಜಾತಿಯಲ್ಲ. ನಾನು ಇವತ್ತು ಹೇಳಹೊರಟಿರುವುದು ಅದರ ದೂರದ ನೆಂಟನ ಬಗ್ಗೆ. ಇದು ಉಂಗುರಕ್ಕೆ ಬರುವುದಿಲ್ಲ. ಕೆಲವೇ ಮಿಲಿಮೀಟರ್ ಅಗಲದ ಪಾಲಿಪ್ ಎಂಬ ಮೆತ್ತನೆಯ ಪ್ರಾಣಿಗಳು ಸಾವಿರಗಟ್ಟಲೆ ಒಟ್ಟಿಗೆ ಕೂತು, ತಮ್ಮ ಕೆಳಗೆ ಸುಣ್ಣ ಸುರಿಸುತ್ತಾ ಕಟ್ಟುವ ಮನೆ ಇದು. ಮನೆಯವರು ಸತ್ತರೂ ಮನೆ ಉಳಿಯುತ್ತದೆ. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಇಂಥ ಹವಳ ನೋಡಲು ಅಂಡಮಾನಿಗೇ ಹೋಗಬೇಕೆಂದಿಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ ಇದೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ದೋಣಿಯಿಂದಿಳಿದು ಏಳೆಂಟು ಮೀಟರ್ ಕೆಳಗೆ ಹೋದರೆ ಬಂಡೆಗಳ ಮೇಲೆ ಗುಂಡುಗುಂಡಾಗಿ ಕೂತಿರುವ ಹವಳದ ಗುಡ್ಡೆಗಳು ಸಿಗುತ್ತವೆ. ನಾನು ಈ ಕೆಲಸ ಕಲಿತದ್ದು ಅಲ್ಲೇ. ತಪ್ಪು ಮಾಡಿದ್ದೂ ಅಲ್ಲೇ.

ಕೆಲಸ ಏನೆಂದರೆ, ಹವಳವನ್ನು ಮುಟ್ಟದೆ ಅಳೆಯುವುದು. ಮುಟ್ಟಬಾರದು ಅನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ, ದಿಬ್ಬ ಕಟ್ಟುವ ಹವಳವೂ ಇದೆ. ಒಂದು ತುಂಡು ಮುರಿದು ಜೇಬಿಗೆ ಹಾಕಿಕೊಂಡು ಬಂದರೆ ಅದು ಬೇಟೆಯೇ. ಹಾಗಾಗಿ ನಮಗೆ ಉಳಿಯುವುದು ಕಣ್ಣು ಮತ್ತು ಕ್ಯಾಮೆರಾ.

ಹಿಂದೆ ಹೇಗೆ ಅಳೆಯುತ್ತಿದ್ದರು? ಸರಪಳಿಯಿಂದ. ಸಣ್ಣ ಕೊಂಡಿಗಳ ಒಂದು ಸರಪಳಿಯನ್ನು ದಿಬ್ಬದ ಏರುತಗ್ಗುಗಳಿಗೆ ಅಂಟಿಕೊಳ್ಳುವ ಹಾಗೆ ಹಾಸುತ್ತಾರೆ. ಪಕ್ಕದಲ್ಲಿ ನೇರವಾಗಿ ಟೇಪು ಎಳೆಯುತ್ತಾರೆ. ಹತ್ತು ಮೀಟರ್ ಸರಪಳಿ ನೇರ ಅಳತೆಯಲ್ಲಿ ಆರೂವರೆ ಮೀಟರಿಗೇ ಮುಗಿದುಹೋದರೆ, ಹತ್ತನ್ನು ಆರೂವರೆಯಿಂದ ಭಾಗಿಸಿ, ಈ ದಿಬ್ಬದ ಒರಟುತನ ಒಂದೂವರೆ ಎಂದು ಬರೆದುಕೊಳ್ಳುತ್ತಾರೆ. ಚಪ್ಪಟೆ ನೆಲವಾದರೆ ಒಂದು. ಸರಳ, ಅಗ್ಗ, ಈಗಲೂ ಬಳಕೆಯಲ್ಲಿದೆ; ನಾನು ಅದನ್ನು ಹಳಿಯುವುದಿಲ್ಲ. ಆದರೆ ಅದು ಒಂದು ಗೆರೆಯ ಕಥೆಯನ್ನಷ್ಟೇ ಹೇಳುತ್ತದೆ. ಒಂದು ಗೇಣು ಆಚೆ ಹಾಸಿದ್ದರೆ ಬೇರೆ ಉತ್ತರ ಬರುತ್ತಿತ್ತು. ಮುಂದಿನ ವರ್ಷ ಅದೇ ಗೆರೆಯ ಮೇಲೆ ಅದೇ ಸರಪಳಿ ಕೂರಿಸುವುದು ಬಹುಮಟ್ಟಿಗೆ ಅಸಾಧ್ಯ. ಕಬ್ಬಿಣ ಹವಳಕ್ಕೆ ತಗಲುವುದಂತೂ ಇದ್ದೇ ಇದೆ.

ಇನ್ನು ಫೋಟೊ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ, ದಾರದ ತುದಿ ಸೂಜಿಯ ಮುಂದೆಯೋ ಹಿಂದೆಯೋ ಹೋಗುತ್ತಿರುತ್ತದೆ. ಎರಡು ಕಣ್ಣೂ ತೆರೆದರೆ ಮಿದುಳು ಎರಡು ಚಿತ್ರಗಳ ವ್ಯತ್ಯಾಸದಿಂದ ದೂರ ಲೆಕ್ಕ ಹಾಕಿಬಿಡುತ್ತದೆ. ಕ್ಯಾಮೆರಾಕ್ಕೆ ಒಂದೇ ಕಣ್ಣು. ಅದಕ್ಕೇ ಅದನ್ನು ಜಾಗ ಬದಲಿಸುತ್ತಾ ನೂರಾರು ಸಲ ಕ್ಲಿಕ್ಕಿಸುತ್ತೇವೆ. ಕಂಪ್ಯೂಟರ್ ಪ್ರತಿ ಚಿತ್ರದಲ್ಲೂ ಸಾವಿರಾರು ಗುರುತುಗಳನ್ನು ಹುಡುಕುತ್ತದೆ: ಒಂದು ಕಪ್ಪು ಚುಕ್ಕೆ, ಒಂದು ಬಿರುಕಿನ ಮೂಲೆ. ಅದೇ ಗುರುತು ಬೇರೆ ಯಾವ ಯಾವ ಚಿತ್ರದಲ್ಲಿದೆ ಎಂದು ಜೋಡಿಸುತ್ತದೆ. ತಮಾಷೆ ಏನೆಂದರೆ, ಗುರುತುಗಳು ಎಲ್ಲಿವೆ ಎಂದೂ ಅದಕ್ಕೆ ಗೊತ್ತಿಲ್ಲ, ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು ಎಂದೂ ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ಊಹಿಸಿ, ತಪ್ಪು ನೋಡಿ, ತಿದ್ದಿ, ಮತ್ತೆ ಊಹಿಸುತ್ತಾ ಹೋಗುತ್ತದೆ. ಕ್ಯಾಮೆರಾದಿಂದ ಗುರುತುಗಳಿಗೆ ಎಳೆದ ಎಲ್ಲಾ ಗೆರೆಗಳೂ ಸರಿಯಾಗಿ ಸಂಧಿಸುವ ಒಂದು ಜೋಡಣೆ ಸಿಕ್ಕಾಗ ನಿಲ್ಲುತ್ತದೆ. ಆಮೇಲೆ ಚುಕ್ಕೆಗಳ ಮೋಡ, ಮೋಡದ ಮೇಲೆ ಬಲೆ ಹೊದಿಸಿದ ಮೈ, ಆ ಮೈಗೆ ಫೋಟೊದ ಬಣ್ಣ. ಹೀಗೆ ಸಿದ್ಧವಾಗುವ ಮೂರು ಆಯಾಮದ ರೂಪವನ್ನೇ ನಾವು ಮಾದರಿ ಎನ್ನುವುದು. ಮೆಟಾಶೇಪ್‌ನಂಥ ತಂತ್ರಾಂಶಗಳು ಮಾಡುವುದು ಇದನ್ನೇ.

ಇದು ಹೊಸ ಆಲೋಚನೆಯೇನಲ್ಲ. 1858ರಲ್ಲಿ ಜರ್ಮನಿಯ ವೆಟ್ಸ್ಲಾರ್ ಊರಿನ ದೊಡ್ಡ ಇಗರ್ಜಿಯನ್ನು ಅಳೆಯಲು ಹತ್ತಿದ್ದ ಆಲ್ಬ್ರೆಷ್ಟ್ ಮೈಡೆನ್‌ಬಾವರ್ ಎಂಬ ತರುಣ ಎತ್ತರದಿಂದ ಕೆಳಗೆ ಬೀಳುವುದರಲ್ಲಿದ್ದ, ಕೂದಲೆಳೆಯಲ್ಲಿ ಪಾರಾದ. ಗೋಡೆ ಹತ್ತುವ ಬದಲು ಗೋಡೆಯ ಫೋಟೊ ಅಳೆದರಾಗದೇ ಎಂಬ ಯೋಚನೆ ಅವನಿಗೆ ಹೊಳೆದದ್ದು ಆ ಗಾಬರಿಯಲ್ಲಿ. ಫೋಟೊದಿಂದ ಅಳೆಯುವ ಈ ವಿದ್ಯೆಗೆ ಫೋಟೊಗ್ರಾಮೆಟ್ರಿ ಎಂಬ ಹೆಸರು 1867ರಲ್ಲಿ ಅಚ್ಚಾಯಿತು. ಹವಳದ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾದ ಟೆರಿ ಡನ್ 1981ರಷ್ಟು ಹಿಂದೆಯೇ ಮನಿಲಾದ ಹವಳ ಸಮ್ಮೇಳನದಲ್ಲಿ ಈ ವಿಧಾನದ ಬಗ್ಗೆ ಪ್ರಬಂಧ ಮಂಡಿಸಿದ್ದರು. ಆಗ ಫಿಲ್ಮಿನ ಕಾಲ. ಒಂದೊಂದು ಜೋಡಿ ಚಿತ್ರದ ಮೇಲೂ ಕಣ್ಣು ನೆಟ್ಟು ಕೈಯಿಂದ ಅಳೆಯಬೇಕಿತ್ತು. ಈಗ ರಾತ್ರಿ ಕಂಪ್ಯೂಟರಿಗೆ ಕೆಲಸ ಹಚ್ಚಿ ಮಲಗಬಹುದು. ಬೆಳಿಗ್ಗೆ ಎದ್ದಾಗ ಅದು ಮುಗಿಸಿರುತ್ತದೆ, ಇಲ್ಲವೇ ಮೆಮೊರಿ ಸಾಲದು ಎಂದು ಅರ್ಧಕ್ಕೆ ನಿಂತಿರುತ್ತದೆ.

ನೆಲದ ಮೇಲೆ ಇದೆಲ್ಲ ಸಲೀಸು. ನೀರಿಗಿಳಿದ ಕೂಡಲೇ ಒಂದೊಂದೇ ಕಾಟ ಶುರು.

ಲೋಟದ ನೀರಿನಲ್ಲಿಟ್ಟ ಚಮಚ ಮುರಿದ ಹಾಗೆ ಕಾಣುತ್ತದಲ್ಲ, ಕ್ಯಾಮೆರಾಕ್ಕೂ ಅದೇ ಗತಿ. ಅದನ್ನು ಇಟ್ಟ ಪೆಟ್ಟಿಗೆಯ ಮುಂದೆ ಚಪ್ಪಟೆ ಗಾಜಿದ್ದರೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲ ಕಿರಿದಾಗುತ್ತದೆ, ಅಂಚುಗಳು ಎಳೆದಂತಾಗುತ್ತವೆ. ಗುಮ್ಮಟದಂಥ ಗುಂಡು ಗಾಜು ಹಾಕಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಬೆಲೆ ಮಾತ್ರ ಸರಿಹೋಗುವುದಿಲ್ಲ. ಐದಾರು ಮೀಟರಿಗೇ ಕೆಂಪು ಬಣ್ಣ ಬಹುತೇಕ ಮಾಯವಾಗಿ ಲೋಕವೆಲ್ಲ ನೀಲಿ ಹಸಿರು. ಆಕಾರಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ, ಆದರೆ ಯಾವ ಹವಳ ಬದುಕಿದೆ, ಯಾವುದರ ಮೇಲೆ ಪಾಚಿ ಹತ್ತಿದೆ ಎಂದು ಗುರುತಿಸುವವರಿಗೆ ಕಷ್ಟ. ಅದಕ್ಕೇ ಬೂದು ಬಣ್ಣದ ಒಂದು ಕಾರ್ಡನ್ನೂ ಕೆಳಗೆ ಒಯ್ದು ಫೋಟೊ ತೆಗೆದುಕೊಳ್ಳುತ್ತೇವೆ, ಆಮೇಲೆ ಬಣ್ಣ ತಿದ್ದಲು. ಎರಡು ಮೂರು ಮೀಟರ್ ಆಳದಲ್ಲಿ ಬಿಸಿಲಿನದೇ ಪೀಡೆ. ಅಲೆಗಳು ಮಸೂರದಂತೆ ಬೆಳಕನ್ನು ಮುರಿದು, ಹವಳದ ಮೇಲೆ ಬಲೆಯಂಥ ಬಿಳಿ ಗೆರೆಗಳನ್ನು ಕುಣಿಸುತ್ತಿರುತ್ತವೆ. ನೋಡಲು ಚೆಂದ. ಕಂಪ್ಯೂಟರ್ ಮಾತ್ರ ಆ ಗೆರೆಗಳನ್ನೇ ಗುರುತು ಎಂದು ನಂಬಿ ಮೋಸಹೋಗುತ್ತದೆ. ಮೋಡ ಮುಸುಕಿದ ದಿನ ಪ್ರವಾಸಿಗಳು ಮುಖ ಸಣ್ಣದು ಮಾಡಿಕೊಂಡರೆ ನಮಗೆ ಹಬ್ಬ.

ಒಂದು ಷರತ್ತು: ಗುರುತುಗಳು ಅಲುಗಾಡಬಾರದು. ಬೀಸಣಿಗೆಯಂಥ ಮೆದು ಹವಳ ಸೆಳೆತಕ್ಕೆ ತೂಗುತ್ತಿದ್ದರೆ ಮಾದರಿಯಲ್ಲಿ ಅದು ಹೊಗೆಯ ಮುದ್ದೆ. ಮೀನುಗಳಂತೂ ಇರುವುದೇ ಇಲ್ಲ. ಒಂದು ಚಿತ್ರದಲ್ಲಿದ್ದ ಮೀನು ಮುಂದಿನದರಲ್ಲಿ ಅಲ್ಲಿರುವುದಿಲ್ಲ, ಹಾಗಾಗಿ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ನೂರಾರು ಮೀನುಗಳ ನಡುವೆ ಈಜಿ ಬಂದು ಬೆಳಿಗ್ಗೆ ಪರದೆ ನೋಡಿದರೆ ಜಾತ್ರೆ ಮುಗಿದ ಮರುದಿನದ ಪೇಟೆಯ ಹಾಗೆ ಖಾಲಿ ದಿಬ್ಬ. ಮೊದಮೊದಲು ನನಗೆ ಅದನ್ನು ನೋಡಿ ಕಸಿವಿಸಿಯಾಗುತ್ತಿತ್ತು.

ಫೋಟೊ ತೆಗೆಯುವ ಕ್ರಮ ಹೇಳುತ್ತೇನೆ. ಹೆಂಚು ಹೊದಿಸುವಾಗ ಒಂದರ ಅಂಚಿನ ಮೇಲೆ ಇನ್ನೊಂದು ಬರುತ್ತದೆ. ಇಲ್ಲಿ ಅಂಚು ಸಾಲದು, ಹಿಂದಿನ ಚಿತ್ರದ ಮುಕ್ಕಾಲು ಭಾಗ ಮುಂದಿನದರಲ್ಲೂ ಇರಬೇಕು. ಜೂಮ್ ಮುಟ್ಟಬಾರದು. ದಿಬ್ಬದಿಂದ ಒಂದು, ಒಂದೂವರೆ ಮೀಟರ್ ಮೇಲೆ ತೇಲುತ್ತಾ, ಸೆಕೆಂಡಿಗೊಂದು ಚಿತ್ರ. ಗದ್ದೆ ಉಳುವ ಹಾಗೆ ಆ ತುದಿಗೆ ಹೋಗಿ ತಿರುಗಿ ಈ ತುದಿಗೆ ಬರುವುದು ಒಂದು ರೀತಿ. ನೀರಿನ ಸೆಳೆತದಲ್ಲಿ ನೇರ ಸಾಲು ಹೊಡೆಯುವುದು ಎಂಥ ಪಾಡು ಎಂದು ಈಜುವವರಿಗೆ ಗೊತ್ತು. ಸಿಡ್ನಿಯ ಸಂಶೋಧಕರು ಇದಕ್ಕೊಂದು ಉಪಾಯ ಬಳಕೆಗೆ ತಂದಿದ್ದಾರೆ, ನನಗೆ ಬಹಳ ಇಷ್ಟ. ಗೂಟಕ್ಕೆ ಕಟ್ಟಿದ ಆಡು ಸುತ್ತುತ್ತಾ ಸುತ್ತುತ್ತಾ ಹಗ್ಗವನ್ನೆಲ್ಲ ಗೂಟಕ್ಕೇ ಸುತ್ತಿಕೊಂಡು ಕೊನೆಗೆ ಗೂಟದ ಬುಡಕ್ಕೆ ಬಂದು ನಿಲ್ಲುತ್ತದಲ್ಲ, ಹಾಗೇ. ನಡುವೆ ಒಂದು ದಪ್ಪ ಉರುಳೆ ನಿಲ್ಲಿಸಿ, ಅದಕ್ಕೆ ಕಟ್ಟಿದ ದಾರ ಹಿಡಿದು ಬಿಗಿಯಾಗಿ ಸುತ್ತು ಹಾಕುವುದು. ಪ್ರತಿ ಸುತ್ತಿಗೂ ದಾರ ಉರುಳೆಯ ಸುತ್ತಳತೆಯಷ್ಟು ಗಿಡ್ಡವಾಗುತ್ತದೆ. ಸುತ್ತಳತೆ 60 ಸೆಂಟಿಮೀಟರ್ ಇದ್ದರೆ ಸುತ್ತುಗಳ ನಡುವಿನ ಅಂತರ ತಾನಾಗಿ 60 ಸೆಂಟಿಮೀಟರ್. ಐದು ಮೀಟರ್ ದಾರದಿಂದ ಶುರು ಮಾಡಿದರೆ ಒಟ್ಟು ಈಜು ಸುಮಾರು 130 ಮೀಟರ್. ಸೆಕೆಂಡಿಗೆ 20 ಸೆಂಟಿಮೀಟರ್‌ನಂತೆ ನಿಧಾನವಾಗಿ ಹೋದರೆ ಹನ್ನೊಂದು ನಿಮಿಷ, ಆರುನೂರೈವತ್ತು ಚಿತ್ರ. ಒಂದು ಸಿಲಿಂಡರ್ ಗಾಳಿಯಲ್ಲಿ ಆರಾಮವಾಗಿ ಮುಗಿಯುತ್ತದೆ.

ದೊಡ್ಡ ಪ್ರಮಾಣದಲ್ಲಿ ಮಾಡುವವರೂ ಇದ್ದಾರೆ. ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ನೂರು ದ್ವೀಪಗಳ ಯೋಜನೆಯವರು ಒಂದೊಂದು ತಾಣದಲ್ಲೂ ಹತ್ತಕ್ಕೆ ಹತ್ತು ಮೀಟರ್ ಜಾಗ ಗುರುತು ಮಾಡಿ, ಒಂದೇ ಚೌಕಟ್ಟಿಗೆ ಎರಡು ಕ್ಯಾಮೆರಾ ಬಿಗಿದು ಸಾವಿರಾರು ಚಿತ್ರ ತೆಗೆಯುತ್ತಾರೆ. ಪೆಸಿಫಿಕ್ ನಡುವಿನ ಪಾಲ್ಮೈರಾ ದ್ವೀಪದ ಚಿತ್ರಗಳಿಂದ ಅವರು ನಲವತ್ತು ಸಾವಿರಕ್ಕೂ ಹೆಚ್ಚು ಹವಳಗಳನ್ನು ಒಂದೊಂದಾಗಿ ಗುರುತಿಸಿ ನಕ್ಷೆ ಮಾಡಿದ್ದಾರೆ. ಅಷ್ಟನ್ನು ನೀರಿನಡಿ ಕೂತು ಎಣಿಸುತ್ತೇನೆ ಎಂದರೆ ಗಾಳಿ ಮೊದಲು ಖಾಲಿಯಾಗುತ್ತದೋ ಆಯುಷ್ಯವೋ!

ಈಗ ನನ್ನ ತಪ್ಪಿಗೆ ಬರುತ್ತೇನೆ. ಇವತ್ತು ನಾನು ನಿಜವಾಗಿ ಹೇಳಬೇಕಾದದ್ದು ಇದೇ.

ಫೋಟೊಗಳಿಂದ ಬರುವ ಮಾದರಿಗೆ ಆಕಾರ ಇರುತ್ತದೆ, ಗಾತ್ರ ಇರುವುದಿಲ್ಲ. ಈ ಹವಳ ಲಿಂಬೆಹಣ್ಣಿನಷ್ಟೋ ಹುಲ್ಲಿನ ಬಣವೆಯಷ್ಟೋ ಎಂದು ಫೋಟೊ ಹೇಳುವುದಿಲ್ಲ. ಮದುವೆ ಆಲ್ಬಮ್ಮಿನಲ್ಲಿ ಪಕ್ಕ ಯಾರೂ ನಿಂತಿರದಿದ್ದರೆ ಮದುಮಗ ಎಷ್ಟು ಎತ್ತರ ಎಂದು ಹೇಳಲಾಗುತ್ತದೆಯೇ? ನೆಲದ ಮೇಲಾದರೆ ಡ್ರೋನಿನಲ್ಲಿ ಜಿಪಿಎಸ್ ಇರುತ್ತದೆ. ಸಮುದ್ರದ ನೀರೊಳಗೆ ಆ ರೇಡಿಯೊ ಅಲೆಗಳು ಇಳಿಯುವುದೇ ಇಲ್ಲ. ಹಾಗಾಗಿ ನಾವು ಅಳತೆಕೋಲು ಒಯ್ಯುತ್ತೇವೆ. ಒಂದು ಪಟ್ಟಿಯ ಎರಡು ತುದಿಗೆ ಕಂಪ್ಯೂಟರ್ ಗುರುತಿಸಬಲ್ಲ ಕಪ್ಪುಬಿಳಿ ಗುರುತು ಅಂಟಿಸಿ, ಸೀಸದ ಭಾರ ಕಟ್ಟಿ, ಮರಳಿನ ಮೇಲೋ ಬರಿಯ ಬಂಡೆಯ ಮೇಲೋ ಇಡುವುದು. ಜೀವಂತ ಹವಳದ ಮೇಲೆ ಖಂಡಿತ ಇಡಬಾರದು. ಎರಡು ಗುರುತುಗಳ ನಡುವೆ ಇಷ್ಟು ದೂರ ಎಂದು ನಾವು ಹೇಳಿದರೆ ಇಡೀ ಮಾದರಿ ಆ ಅಳತೆಗೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಜೊತೆಗೆ ಒಂದೊಂದು ಗುರುತಿನ ಬಳಿಯೂ ಡೈವ್ ಕಂಪ್ಯೂಟರ್, ಅಂದರೆ ಮುಳುಗುವವರಿಗೆ ಆಳ ತೋರಿಸುವ ಸಾಧನ, ಇಟ್ಟು ಆಳ ಬರೆದುಕೊಳ್ಳುತ್ತೇವೆ, ಮೇಲು ಯಾವುದು ಕೆಳಗು ಯಾವುದು ಎಂದು ಮಾದರಿಗೆ ತಿಳಿಯಲು. ಉಬ್ಬರ ಇಳಿತಕ್ಕೆ ಆಳ ಬದಲಾಗುತ್ತದೆ ನಿಜ, ಆದರೆ ನಮಗೆ ಬೇಕಾದದ್ದು ಗುರುತುಗಳ ನಡುವಿನ ವ್ಯತ್ಯಾಸವಷ್ಟೇ.

2023ರ ಡಿಸೆಂಬರಿನಲ್ಲಿ ನೇತ್ರಾಣಿಯಲ್ಲಿ, ಸುಮಾರು ಒಂದೂವರೆ ಮೀಟರ್ ಅಗಲದ ಗುಂಡು ಹವಳವೊಂದರ ಮಾದರಿ ಮಾಡಿದೆ. ಪೊರೈಟಿಸ್ ಎಂಬ ಜಾತಿ, ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಸಾವಧಾನದ ಪ್ರಾಣಿ. ಮುಂದಿನ ಡಿಸೆಂಬರಿನಲ್ಲಿ ಅದೇ ಹವಳಕ್ಕೆ ಮತ್ತೆ ಹೋದೆ. ಎರಡು ಮಾದರಿ ಹೋಲಿಸಿದರೆ ಘನಗಾತ್ರ ಶೇ. 8ರಷ್ಟು ಕಡಿಮೆ!

ಆ ನಡುವೆ ಏನಾಗಿತ್ತು ನೆನಪಿಸಿಕೊಳ್ಳಿ. 2024ರ ಬೇಸಿಗೆಯಲ್ಲಿ ಸಮುದ್ರ ಕಾದು ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡಿದ್ದವು, ಅಂದರೆ ಬಿಸಿ ತಾಳದೆ ತಮ್ಮೊಳಗಿನ ಪಾಚಿ ಕಳೆದುಕೊಂಡು ಬೆಳ್ಳಗಾಗಿದ್ದವು; ಹಾಗೇ ಬಹಳ ದಿನ ಉಳಿದರೆ ಸಾಯುತ್ತವೆ. ಜಗತ್ತಿನಾದ್ಯಂತ ನಾಲ್ಕನೇ ಸಲ ಸಾಮೂಹಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು ಅದೇ ಏಪ್ರಿಲ್‌ನಲ್ಲಿ ಘೋಷಣೆಯಾಗಿತ್ತು. ನನ್ನ ತಲೆಯಲ್ಲಿ ಕಥೆ ಮೊದಲೇ ಸಿದ್ಧವಾಗಿತ್ತು, ಅಂಕಿ ಬಂದು ಅದರಲ್ಲಿ ಕೂತುಕೊಂಡಿತು. ಎರಡು ದಿನ ಕೂತು ಚಂದದ ವರದಿ ಬರೆದೆ, ಗ್ರಾಫ್ ಹಾಕಿದೆ, ನಾಲ್ಕು ಜನರಿಗೆ ಫೋನಿನಲ್ಲಿ ದುಃಖದಿಂದ ಹೇಳಿಯೂ ಆಯಿತು.

ಮೂರನೇ ದಿನ, ಇನ್ನೇನು ಕಳಿಸಬೇಕು ಅನ್ನುವಾಗ, ಮಾದರಿಯ ಮೂಲೆಯಲ್ಲಿದ್ದ ಲಂಗರಿನ ಮೇಲೆ ಕಣ್ಣು ಹೋಯಿತು. ಯಾವುದೋ ದೋಣಿಯದು, ಹಗ್ಗ ಹರಿದು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡದ್ದು. ಸುಮ್ಮನೆ ಅಳೆದೆ. ಮೊದಲ ವರ್ಷ 64.6 ಸೆಂಟಿಮೀಟರ್. ಎರಡನೇ ವರ್ಷ 62.

ಕಬ್ಬಿಣದ ಲಂಗರಿಗೆ ಬಿಳಿಚುವ ರೋಗ ಬರುವುದಿಲ್ಲ.

ಹಳೆಯ ಅಳತೆಕೋಲನ್ನು ಅಟ್ಟದಿಂದ ತೆಗೆದು ನೋಡಿದೆ. ಕೋಲಿನ ಉದ್ದ 50 ಸೆಂಟಿಮೀಟರ್, ಅದನ್ನೇ ಕಂಪ್ಯೂಟರಿಗೆ ಹೇಳಿದ್ದೆ. ಆದರೆ ಅದು ಲೆಕ್ಕ ಹಾಕುವುದು ಗುರುತಿನ ನಟ್ಟನಡುವಿನ ಚುಕ್ಕೆಯಿಂದ. ಗುರುತುಗಳ ನಡುಚುಕ್ಕೆ ಎರಡೂ ತುದಿಯಲ್ಲಿ ಒಂದೊಂದು ಸೆಂಟಿಮೀಟರ್ ಒಳಗಿತ್ತು. ನಿಜವಾದ ದೂರ 48. ಎರಡನೇ ವರ್ಷ ಹೊಸ ಕೋಲು ಮಾಡಿಸಿ ಸರಿಯಾಗಿ ಅಳೆದಿದ್ದೆ. ಉದ್ದದಲ್ಲಿ ಶೇ. 4ರ ತಪ್ಪು ಅಂದರೆ ಸಣ್ಣದು ಅನಿಸುತ್ತದೆ. ಅದೇ ತಪ್ಪು ವಿಸ್ತೀರ್ಣದಲ್ಲಿ ಎರಡು ಸಲ ಗುಣಿಸಿಕೊಳ್ಳುತ್ತದೆ, ಘನಗಾತ್ರದಲ್ಲಿ ಮೂರು ಸಲ: ಮೊದಲ ವರ್ಷದ ಹವಳ ಇದ್ದದ್ದಕ್ಕಿಂತ ಶೇ. 13ರಷ್ಟು ದಪ್ಪಗಾಗಿ ನನ್ನ ಕಡತದಲ್ಲಿ ಕೂತಿತ್ತು. ತಿದ್ದಿ ನೋಡಿದರೆ, ನನ್ನ ವರದಿಯಲ್ಲಿ ಸವೆದುಹೋಗಿದ್ದ ಆ ಹವಳ ಶೇ. 4ರಷ್ಟು ಬೆಳೆದಿತ್ತು. ಆ ನಾಲ್ಕರಲ್ಲೂ ಎಷ್ಟು ಬೆಳವಣಿಗೆ, ಎಷ್ಟು ನಮ್ಮ ಅಳತೆಯ ಅಲುಗಾಟ ಎಂದು ಬಿಡಿಸಿ ಹೇಳಲು ಇನ್ನೂ ಕೆಲವು ವರ್ಷದ ಮಾದರಿ ಬೇಕು. ನಾಲ್ಕು ಜನರಿಗೆ ಮತ್ತೆ ಫೋನ್ ಮಾಡಬೇಕಾಯಿತು.

ಅಂದಿನಿಂದ ಕನಿಷ್ಠ ನಾಲ್ಕು ಕೋಲು ಒಯ್ಯುತ್ತೇನೆ. ಮೂರನ್ನು ಮಾದರಿಗೆ ಅಳತೆ ಕೊಡಲು ಬಳಸುತ್ತೇನೆ. ನಾಲ್ಕನೆಯದರ ಉದ್ದವನ್ನು ಕಂಪ್ಯೂಟರಿಗೆ ಹೇಳುವುದೇ ಇಲ್ಲ, ಅದರಿಂದಲೇ ಕೇಳುತ್ತೇನೆ. ನೀರಿಗಿಳಿಯುವ ದಿನ ಬೆಳಿಗ್ಗೆ, ದೋಣಿಯಲ್ಲೇ, ಉಕ್ಕಿನ ಸ್ಕೇಲಿನಿಂದ ನಾಲ್ಕನ್ನೂ ಅಳೆಯುತ್ತೇನೆ. ದೋಣಿಯವರು ನಗುತ್ತಾರೆ. ನಗಲಿ.

ಅಂತರಜಾಲದಲ್ಲಿ ನೀವು ಬೆರಳಲ್ಲಿ ತಿರುಗಿಸಿ ನೋಡುವ ಹವಳದ ಚೆಂದದ ಮೂರು ಆಯಾಮದ ಮಾದರಿಗಳು ಬಹಳ ಇವೆ. ಅವುಗಳಲ್ಲಿ ಅಳತೆ ಇಲ್ಲದವು ನನ್ನ ಮಟ್ಟಿಗೆ ಗೊಂಬೆಗಳು. ಮಕ್ಕಳಿಗೆ ತೋರಿಸಬಹುದು, ಖುಷಿಪಡಬಹುದು, ಮುಂದಿನ ವರ್ಷದ್ದರ ಜೊತೆ ಇಟ್ಟು ನೋಡಲಾಗುವುದಿಲ್ಲ. ಇದು ಸ್ವಲ್ಪ ಕಟುವಾಯಿತೇನೋ, ಪೆಟ್ಟು ತಿಂದವನ ಮಾತು ಎಂದುಕೊಳ್ಳಿ.

ಇಷ್ಟೆಲ್ಲ ಕಷ್ಟಪಟ್ಟು ಅಳೆದು ಏನಾಗಬೇಕು? ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 1998ರಿಂದ ಲಕ್ಷದ್ವೀಪದ ದಿಬ್ಬಗಳನ್ನು ನೋಡುತ್ತಾ ಬಂದಿದ್ದಾರೆ. ಅಗತ್ತಿ, ಕದ್ಮತ್, ಕವರತ್ತಿ ಮೂರೂ ದ್ವೀಪ ಸೇರಿ, ಜೀವಂತ ಹವಳ ಹೊದ್ದ ಜಾಗ 1998ರಲ್ಲಿ ಶೇ. 37ರಷ್ಟಿದ್ದದ್ದು 2022ರ ಹೊತ್ತಿಗೆ ಶೇ. 19ರ ಆಸುಪಾಸಿಗೆ ಇಳಿದಿದೆ. 1998, 2010, 2016, ಮೂರು ಸಲ ಸಮುದ್ರ ಕಾದದ್ದರ ಪೆಟ್ಟು ಅದರಲ್ಲಿದೆ. ಇದು ಜೀವದ ಲೆಕ್ಕ. ಆರಂಭದಲ್ಲಿ ಹೇಳಿದೆನಲ್ಲ, ಮನೆಯವರು ಸತ್ತರೂ ಮನೆ ಉಳಿಯುತ್ತದೆ ಎಂದು. ಬಿಳಿಚಿ ಸತ್ತ ಹವಳ ಮರುದಿನವೇ ಕುಸಿಯುವುದಿಲ್ಲ. ಸುಣ್ಣದ ಅಸ್ಥಿ ನಿಂತಿರುತ್ತದೆ, ಮೀನು ಅದರ ಸಂದಿಯಲ್ಲೇ ಬದುಕುತ್ತಿರುತ್ತದೆ, ಅಲೆ ಅದಕ್ಕೇ ಬಡಿದು ಮುರಿಯುತ್ತಿರುತ್ತದೆ. ನಿಧಾನಕ್ಕೆ ಕೊರೆಯುವ ಹುಳು, ಸ್ಪಂಜು, ಮಳೆಗಾಲದ ತೆರೆ ಎಲ್ಲ ಸೇರಿ ಅದನ್ನು ಪುಡಿ ಮಾಡುತ್ತವೆ. ಮೇಲಿನಿಂದ ತೆಗೆದ ಒಂದು ಫೋಟೊಗೆ ನಿಂತ ಅಸ್ಥಿಯೂ ಬಿದ್ದ ಚೂರೂ ಒಂದೇ, ಎರಡೂ ಸತ್ತ ಹವಳ. ದಿಬ್ಬ ಎಷ್ಟು ತಗ್ಗಿತು, ಎಷ್ಟು ಸಂದಿ ಮುಚ್ಚಿಹೋಯಿತು ಎಂದು ಕಾಣುವುದು ಅಳತೆಯಿರುವ ಮಾದರಿಯಲ್ಲಿ. ಸಮುದ್ರ ಮಟ್ಟದಿಂದ ಒಂದೆರಡು ಮೀಟರಷ್ಟೇ ಮೇಲಿರುವ ದ್ವೀಪದಲ್ಲಿ ಮನೆ ಕಟ್ಟಿಕೊಂಡವರಿಗೆ, ಅಲೆ ತಡೆಯುವ ಎದುರಿನ ದಿಬ್ಬ ಒಂದು ಅಡಿ ತಗ್ಗಿತೋ ಇಲ್ಲವೋ ಅನ್ನುವುದು ಬರಿಯ ಪಾಂಡಿತ್ಯದ ವಿಷಯವಲ್ಲ.

ಎಲ್ಲವೂ ಇದರಿಂದ ಆಗುತ್ತದೆ ಎಂದು ಹೇಳಿ ಹೋಗಲಾರೆ. ಕ್ಯಾಮೆರಾ ಕಂಡದ್ದಷ್ಟೇ ಮಾದರಿ. ಜಿಂಕೆ ಕೊಂಬಿನಂಥ ಕವಲುಗಳ ಅಡಿಭಾಗ, ಚಪ್ಪರದಂತೆ ಚಾಚಿದ ಹವಳದ ಕೆಳಗಿನ ನೆರಳು, ಅಲ್ಲೆಲ್ಲ ತೂತು ಉಳಿಯುತ್ತದೆ. ತಂತ್ರಾಂಶ ಆ ತೂತಿಗೆ ತೇಪೆ ಹಾಕಿ ಏನೂ ಆಗದವರ ಹಾಗೆ ಸುಮ್ಮನಿರುತ್ತದೆ. ಗುಂಡು ಹವಳದ ಘನಗಾತ್ರವನ್ನು ನಂಬುತ್ತೇನೆ. ಪೊದೆಯಂಥ ಹವಳದ ಮೈಯ ವಿಸ್ತೀರ್ಣ ಇಷ್ಟೇ ಎಂದು ಯಾರಾದರೂ ದಶಾಂಶದವರೆಗೆ ಹೇಳಿದರೆ, ಅಡಿಯಿಂದ ಎಷ್ಟು ಚಿತ್ರ ತೆಗೆದಿರಿ ಎಂದು ಕೇಳುತ್ತೇನೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

(ಪ್ರಶ್ನೋತ್ತರದಲ್ಲಿ ಕ್ಯಾಮೆರಾದ ಬೆಲೆಯ ಬಗ್ಗೆಯೇ ಹೆಚ್ಚು ವಿಚಾರಣೆ ಇತ್ತು. ಸೆಕೆಂಡಿಗೊಂದು ಚಿತ್ರ ತಾನಾಗಿ ತೆಗೆಯುವ, ನೀರು ನುಗ್ಗದ ಪೆಟ್ಟಿಗೆ ಸಿಗುವ ಯಾವ ಸಣ್ಣ ಕ್ಯಾಮೆರಾದಿಂದಲಾದರೂ ಕಲಿಯಲು ಶುರು ಮಾಡಬಹುದು, ಮೊದಲು ಮನೆಯಂಗಳದ ತುಳಸಿಕಟ್ಟೆಯನ್ನು ಅಳೆದು ನೋಡಿ ಎಂದೆ. ಕೊನೆಗೆ ಹಿಂದಿನ ಸಾಲಿನಿಂದ ಹಿರಿಯ ಮೀನುಗಾರರೊಬ್ಬರು ಎದ್ದರು.)

“ಆ ಲಂಗರು ಎಲ್ಲಿ ಸಿಕ್ಕಿದ್ದು ಮಾರಾಯರೇ?”

“ದ್ವೀಪದ ಹತ್ತಿರವೇ, ಎಂಟು ಮೀಟರ್ ಆಳದಲ್ಲಿ. ನಿಮ್ಮದಾ?”

“ನಮ್ಮದೊಂದು ಅಲ್ಲೇ ಹೋಗಿತ್ತು. ಉದ್ದ ಎಷ್ಟು ಅಂದ್ರಿ?”

“62 ಸೆಂಟಿಮೀಟರ್. ಎರಡನೇ ಅಳತೆ, ಅದು ಸರಿಯಾದದ್ದು.”

ಅವರು ತಮ್ಮ ಕೈ ಚಾಚಿ ಮೊಣಕೈಯಿಂದ ಬೆರಳ ತುದಿಯವರೆಗೆ ನೋಡಿಕೊಂಡರು.

“ಹಾಗಾದ್ರೆ ಅಲ್ಲ. ನಮ್ಮದು ಎರಡು ಮೊಳ ಇತ್ತು” ಎಂದು ಕೂತರು.